ಸೀರಣಿಗೆ

ಮೊದಲು ಕಂಡದ್ದು ಬಿಳಿ ದುಪ್ಪಟಿಯ ಮೇಲೆ,
ಚಾಪುಡಿ ಚೆಲ್ಲಿದ ಹಾಗೆ.
ಒದ್ದೆ ಬೆರಳಲ್ಲಿ ಒತ್ತಿದೆ, ಕೆಂಪಾಗಿ ಹರಡಿತು.
ಮಣ್ಣಲ್ಲ, ಮಸಿಯಲ್ಲ, ನೆತ್ತರು.
ಜಿಪ್ಪಿಯದು.

ಜಿಪ್ಪಿ ನನ್ನ ಬೆಕ್ಕು. ಕೌಲ್ ಬಜಾರಿನ ಮನೆಯಲ್ಲಿ
ಹೊಲಿಗೆ ಮಿಷನ್ನಿನ ಕಾಲಡಿ
ಜೀನ್ಸ್ ತುಂಡುಗಳ ಗುಡ್ಡೆಯೊಳಗೆ ಹುಟ್ಟಿದ್ದು.
ಮೈಯೆಲ್ಲ ಬೂದಿ, ಹೊಟ್ಟೆಯ ನಡುವೆ ಬಿಳಿ ಗೀಟು,
ಯಾರೋ ಸರ್ರನೆ ಎಳೆದು ಮುಚ್ಚಿದ ಹಾಗೆ.
ವಾರದಿಂದ ಒಂದೇ ಕೆರೆತ.
ಕುತ್ತಿಗೆ ಸವೆದು ಚರ್ಮ ಕಾಣುತ್ತಿತ್ತು.
ಪ್ಯಾಂಟಿನಲ್ಲಾದರೆ ಅದನ್ನೇ ಬೇಕಂತ ಸವೆಸಿ
ಜಾಸ್ತಿ ರೊಕ್ಕಕ್ಕೆ ಮಾರುತ್ತಾರೆ.

ಬುದ್ಧಿ ಹೇಳುವವರಿಗೇನು ಬರವೇ?
ಸೀಮೆಎಣ್ಣೆ ಸವರು, ಅಂದಳು ಮಾಬುನ್ನಿ.
ಪೀಸು ಒಯ್ಯಲು ಬಂದ ತಿಪ್ಪೇರುದ್ರ,
"ನಾಯಿಗೆ ಹಾಕೋ ಔಷಧ ಐತಿ, ತರ್ಲೇನು?
ಅದಕ್ಕೂ ನಾಕು ಕಾಲು, ಇದಕ್ಕೂ ನಾಕು ಕಾಲು."
ಹುಲಿಗೆಮ್ಮತ್ತೆ ಸೆರಗಿನ ಗಂಟು ಬಿಚ್ಚಿದಳು,
ಹತ್ತಿ ಹೊಲಕ್ಕೆ ತಂದು ಉಳಿದ ಪುಡಿ.
"ಒಂದು ಚಿಟಿಕಿ. ಏನಾಗಂಗಿಲ್ಲ."

ಏನಾಗಂಗಿಲ್ಲ.
ಆ ಮಾತಿಗೊಂದು ವಾಸನೆಯಿದೆ.

ಸಿರುಗುಪ್ಪದ ಓಣಿ. ನನಗೆ ಎಂಟು, ತಂಗಿ ಸುಂಕಿಗೆ ಐದು.
ತಲೆ ತುಂಬ ಹೇನು.
ಅಂಥದೇ ಪುಡಿ, ಅಷ್ಟೇ ಚಿಟಿಕೆ,
ಮೇಲೆ ಬಟ್ಟೆ ಕಟ್ಟಿ ಮಲಗಿಸಿದಳು ಅವ್ವ.
ನಡುರಾತ್ರಿ ಸುಂಕಿಯ ಬಾಯಲ್ಲಿ ನೊರೆ,
ಟ್ರ್ಯಾಕ್ಟರಿನಲ್ಲಿ ದವಾಖಾನೆ, ಮೂರು ದಿನ.
ಬದುಕಿದಳು. ಈಗ ಎರಡು ಮಕ್ಕಳ ತಾಯಿ, ಜಗಳಗಂಟಿ.
ಆದರೆ ಅರಿಶಿನ ಖಾರದ ಹೊರತು
ಪುಡಿ ಎಂಬುದು ಆ ಮನೆಯ ಹೊಸ್ತಿಲು ದಾಟಲಿಲ್ಲ.
ಅವ್ವ ಸಂತೆಯಿಂದ ಒಂದು ಸೀರಣಿಗೆ ತಂದಳು.
ನಮ್ಮ ತಲೆ ತೊಡೆಯ ಮೇಲಿಟ್ಟುಕೊಂಡು
ಒಂದೊಂದನ್ನೇ, ಒಂದೊಂದನ್ನೇ,
ಮಾತಿಲ್ಲದೆ,
ತಪ್ಪು ಒಪ್ಪಿಕೊಳ್ಳುವವಳ ಹಾಗೆ.

ಅದೇ ಸೀರಣಿಗೆ ಈಗ ನನ್ನ ಕೈಯಲ್ಲಿ,
ಪಕ್ಕದಲ್ಲಿ ಬಟ್ಟಲು ಸೋಪಿನ ನೀರು.
ಕುತ್ತಿಗೆಯಿಂದ ಬಾಲದ ಬುಡಕ್ಕೆ, ಕೂದಲು ಓಡುವ ದಿಕ್ಕಿಗೆ.
ಚಿಗಟ ಸಿಕ್ಕಿತೋ, ನೆಗೆಯುವ ಮುನ್ನ ಅದ್ದು.
ಜಿಪ್ಪಿ ಪರಚುತ್ತದೆ. ಪರಚಲಿ.
ನೀಲಿ ಹತ್ತಿದ ಬೆರಳಿಗೆ ಕೆಂಪೊಂದು ಗೀರು.
ಮೊದಲ ದಿನ ಮೂವತ್ತೊಂದು, ಮರುದಿನ ಹತ್ತೊಂಬತ್ತು,
ಮೂರನೆಯ ದಿನ ಮತ್ತೆ ಇಪ್ಪತ್ತಾರು.
ಅಳು ಬಂತು.

ದನದ ದವಾಖಾನೆಯ ಡಾಕ್ಟರಮ್ಮ
ಬೆಕ್ಕನ್ನೆತ್ತಿಕೊಂಡ ನನ್ನನ್ನೇ ತೂಕಕ್ಕೆ ನಿಲ್ಲಿಸಿದರು.
ನನ್ನನ್ನು ಕಳೆದರೆ ಉಳಿದದ್ದು ಮೂರು ಕಿಲೋ.
ಆ ಮೂರು ಕಿಲೋಗೆ ತಕ್ಕಷ್ಟೇ ಬೆಕ್ಕಿನ ಔಷಧ,
ನಾಲಿಗೆ ಮುಟ್ಟದ ಹೆಡಕಿನ ಮೇಲೆ.
"ನಾಯಿಯದು ಹಾಕಿದ್ದರೆ ಇದು ಇರುತ್ತಿರಲಿಲ್ಲ.
ಇದರ ಮೈಮೇಲಿರೋದು ನಾಲ್ಕಾಣೆ ಚಿಗಟ,
ಹನ್ನೆರಡಾಣೆ ನಿನ್ನ ಮನೆಯಲ್ಲಿದೆ, ಹೋಗು, ಗುಡಿಸು."

ಶಾಬಾದಿ ಕಲ್ಲಿನ ಸಂದಿ, ಗೋಣಿ, ಜೀನ್ಸಿನ ಗುಡ್ಡೆ,
ಎಲ್ಲೆಲ್ಲೂ ಬಾಡಿಗೆ ಕೊಡದ ಬಿಡಾರ.
ದಿನಾ ಕಸಬರಿಗೆ. ಕುದಿನೀರಿಗೆ ದುಪ್ಪಟಿ.
ಆಮೇಲೆ ಮಾಳಿಗೆಯ ಮೇಲೆ
ಬಳ್ಳಾರಿಯ ಬಿಸಿಲು.
ಹುಟ್ಟಿದಾಗಿನಿಂದ ಬೈದಿದ್ದೇನೆ ಇದನ್ನು.
ಒಂದು ಪೈಸೆ ಕೇಳದೆ
ಇಡೀ ಮಧ್ಯಾಹ್ನ ನನ್ನ ಹಾಸಿಗೆಯ ಮೇಲೆ ಕೂತು ದುಡಿಯಿತು.

ಐದು ವಾರ. ನಿನ್ನೆ ಸೊನ್ನೆ, ಇವತ್ತೂ ಸೊನ್ನೆ.
ನಾಳೆ ಒಂದು ಸಿಕ್ಕರೂ ಸಿಕ್ಕೀತು.
ಹಣಿಗೆ ಹಿಡಿದರೆ ಜಿಪ್ಪಿಯೇ ಬಂದು ತೊಡೆಗೆ ತಲೆ ಕೊಡುತ್ತದೆ.
ಹೇನು ಹೋದ ಮೇಲೂ ಎಷ್ಟೋ ದಿನ
ಅವ್ವ ಬಾಚುತ್ತಿದ್ದಳು.

ಸಂಜೆ ಹುಲಿಗೆಮ್ಮತ್ತೆ ಬಾಗಿಲಲ್ಲಿ ನಿಂತಳು.
ಸೆರಗಿನಲ್ಲಿ ಗಂಟಿರಲಿಲ್ಲ.
ಸೀರಣಿಗೆಯನ್ನು ಬೆಳಕಿಗೆ ಹಿಡಿದು ಹಲ್ಲು ಎಣಿಸಿದಳು.
"ಮೊಮ್ಮಗಳ ತಲೆಗೆ ಬೇಕಿತ್ತು... ಇಂಥಾದ್ದು ಎಲ್ಲಿ ಸಿಗತೈತೆ?"
ಇದು ಬೆಕ್ಕಿನದಾಯಿತು ಅತ್ತೆ, ಕೊಡೋದಿಲ್ಲ, ಅಂದೆ.
ಚಪ್ಪಲಿ ಮೆಟ್ಟಿಕೊಂಡೆ.
ಅಂಗಡಿ ಮುಚ್ಚೋದರೊಳಗೆ ಹೋಗಿ ಬರೋಣ, ನಡಿ.